ಲೇಸ್ ಗೌನು ಕೈಕೊಟ್ಟಾಗ: ಮದುವೆಯ ಉಡುಪನ್ನು ತಾವೇ ಹೊಲಿಯುವವರಿಗೆ ದೋಷ ನಿವಾರಣೆ ಕೈಪಿಡಿ

ಜನವರಿಯ ಮದುವೆಗೆ ನಾನು ಲೇಸ್‌ಗೆ ಕತ್ತರಿ ಹಾಕಿದ್ದು ಜುಲೈ ತಿಂಗಳಲ್ಲಿ. ಮಂಗಳೂರಿನ ಮಳೆಗಾಲ, ಹಗಲಲ್ಲೂ ಟ್ಯೂಬ್‌ಲೈಟ್ ಉರಿಯಬೇಕು, ಒಗೆದ ಬಟ್ಟೆ ಮೂರು ದಿನವಾದರೂ ಹಸಿ ಹಸಿ. ರವಿಕೆ, ಚೂಡಿದಾರ ಹೊಲಿದು ಕೈ ಪಳಗಿದೆ ಎಂಬ ಧೈರ್ಯವಿತ್ತು. ಮೊದಲ ಹೊಲಿಗೆ ಎರಡಿಂಚು ಹೋಗುವಷ್ಟರಲ್ಲಿ ಮೆಷಿನ್ ಲೇಸನ್ನು ಕಚ್ಚಿ ಒಳಗೆ ಎಳೆದುಕೊಂಡಿತು. ಬಿಡಿಸಿ ತೆಗೆದಾಗ ಒಂದು ಹೂವಿನ ಅರ್ಧ ದಳ ನನ್ನ ಕೈಯಲ್ಲಿ, ಇನ್ನರ್ಧ ಸೂಜಿ ಇಳಿಯುವ ಪ್ಲೇಟಿನ ಕೆಳಗೆ. ಆ ರಾತ್ರಿ ಅತ್ತಿದ್ದೆ.

ಆಮೇಲಿನ ಆರು ತಿಂಗಳಲ್ಲಿ ಕಲಿತದ್ದನ್ನೂ, ತಂಗಿಯ ಮತ್ತು ಗೆಳತಿಯರ ಗೌನುಗಳಲ್ಲಿ ಕಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಯಾವ ತೊಂದರೆ ಬಂದರೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈಗ ಲೇಸನ್ನು ಎಳೆಯುತ್ತಿರುವುದು ಯಾವುದು? ಲೇಸ್ ಎಂದರೆ ದಾರಕ್ಕಿಂತ ತೂತೇ ಹೆಚ್ಚು. ಅದಕ್ಕೆ ಭಾರ ಹೊರುವ ಶಕ್ತಿ ಇಲ್ಲ. ಮೆಷಿನ್‌ನ ಹಲ್ಲು, ದಾರದ ಬಿಗಿ, ಸ್ಕರ್ಟಿನ ತೂಕ, ಎತ್ತಿದ ತೋಳು, ಇಸ್ತ್ರಿಯ ಬಿಸಿ, ಇವುಗಳಲ್ಲಿ ಯಾವುದೋ ಒಂದು ಎಳೆಯುತ್ತಿರುತ್ತದೆ. ಎಳೆಯುವುದನ್ನು ಗುರುತಿಸಿದರೆ ಅರ್ಧ ಕೆಲಸ ಮುಗಿಯಿತು.

ಕತ್ತರಿಸಿ ಉಳಿದ ಚೂರು ಒಂದನ್ನೂ ಎಸೆಯಬೇಡಿ. ಕೆಳಗೆ ಹೇಳಿದ ಪ್ರತಿಯೊಂದು ಪರೀಕ್ಷೆಯೂ ಮೊದಲು ಆ ಚೂರಿನ ಮೇಲೆ ಆಗಬೇಕು. ಜೊತೆಗೆ ನಿಮ್ಮ ಕೈಯಲ್ಲಿರುವುದು ಯಾವ ಲೇಸ್ ಎಂದು ತಿಳಿದುಕೊಳ್ಳಿ. ಶಾಂಟಿಲಿ ತೀರಾ ತೆಳು, ಅಂಚಿನಲ್ಲಿ ರೆಪ್ಪೆಗೂದಲಿನಂಥ ಎಳೆಗಳಿರುತ್ತವೆ. ಕಾರ್ಡೆಡ್ ಲೇಸಿನಲ್ಲಿ ಹೂವಿನ ಸುತ್ತ ದಪ್ಪ ದಾರದ ಗೆರೆ ಓಡಿರುತ್ತದೆ. ಅಲಾನ್ಸೋನ್ ಎಂದು ಮಾರುವುದು ಸಾಮಾನ್ಯವಾಗಿ ಇದನ್ನೇ. ಗಿಪ್ಯೂರ್‌ಗೆ ನೆಟ್ಟೇ (ಜಾಲರಿ ಬಟ್ಟೆಯೇ) ಇಲ್ಲ, ಹೂಗಳು ಒಂದಕ್ಕೊಂದು ಸಣ್ಣ ಕಡ್ಡಿಗಳಂಥ ದಾರಗಳಿಂದ ಕೂಡಿಕೊಂಡಿರುತ್ತವೆ, ತೂಕ ಜಾಸ್ತಿ. ನಮ್ಮ ಕಡೆಯ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ನೈಲಾನ್ ಅಥವಾ ಪಾಲಿಯೆಸ್ಟರ್ ನೆಟ್ಟಿನ ಮೇಲೆ ಕಸೂತಿ ಮಾಡಿದ ಬಟ್ಟೆ.

ಮೆಷಿನ್ ಲೇಸನ್ನು ನುಂಗುತ್ತಿದೆ

ಹೊಲಿಗೆ ಶುರುವಾದ ಕೂಡಲೇ ಗುಡುಗುಡು ಸದ್ದು, ಬಟ್ಟೆ ಮುಂದೆ ಸರಿಯದೆ ಒಂದೇ ಕಡೆ ನಿಲ್ಲುವುದು, ಕೆಳಗೆ ದಾರದ ಗುಬ್ಬಚ್ಚಿ ಗೂಡು. ಇದು ಎಲ್ಲರಿಗೂ ಎದುರಾಗುವ ಮೊದಲ ತೊಂದರೆ.

ತಕ್ಷಣ ಪೆಡಲಿನಿಂದ ಕಾಲು ತೆಗೆಯಿರಿ. ಲೇಸನ್ನು ಎಳೆಯಬೇಡಿ. ಕರೆಂಟಿನ ಮೆಷಿನ್ ಆದರೆ ಪ್ಲಗ್ ತೆಗೆದು, ಚಕ್ರವನ್ನು ಕೈಯಲ್ಲಿ ತಿರುಗಿಸಿ ಸೂಜಿ ಮೇಲೆತ್ತಿ, ಬಟ್ಟೆ ಒತ್ತಿಹಿಡಿಯುವ ಫುಟ್ ಎತ್ತಿ, ಕೆಳದಾರದ ಬಾಬಿನ್ ಕೇಸ್ ಹೊರಗೆ ತೆಗೆದು, ಕೆಳಗಿನಿಂದ ದಾರಗಳನ್ನು ಒಂದೊಂದಾಗಿ ಕತ್ತರಿಸಿ. ಆಗಲೂ ಬಿಡದಿದ್ದರೆ ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿ. ಹತ್ತು ನಿಮಿಷ ಹಿಡಿಯುತ್ತದೆ, ಹೂವು ಉಳಿಯುತ್ತದೆ.

ಇನ್ನು ಕಾರಣ. ದುಡ್ಡು ಖರ್ಚಾಗದ ಪರೀಕ್ಷೆಗಳು ಮೊದಲು. ಗೂಡು ಕೆಳಗೆ ಕಟ್ಟಿದರೂ ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಫುಟ್ ಕೆಳಗಿಟ್ಟು ದಾರ ಪೋಣಿಸಿದರೆ ಬಿಗಿ ಕೊಡುವ ಟೆನ್ಶನ್ ಬಿಲ್ಲೆಗಳ ನಡುವೆ ದಾರ ಕೂರುವುದಿಲ್ಲ, ಹಿಡಿತವಿಲ್ಲದೆ ಸಡಿಲವಾಗಿ ಕೆಳಗಿಳಿಯುತ್ತದೆ. ಫುಟ್ ಎತ್ತಿ ಮೊದಲಿಂದ ಪೋಣಿಸಿ. ಶುರುವಿನ ಮೂರ್ನಾಲ್ಕು ಹೊಲಿಗೆ ಬೀಳುವವರೆಗೆ ಎರಡೂ ದಾರಗಳ ತುದಿಯನ್ನು ಎಡಗೈಯಲ್ಲಿ ಹಿಂದಕ್ಕೆ ಹಿಡಿದಿರಿ. ಲೇಸಿನ ಅಂಚಿನಿಂದಲೇ ಹೊಲಿಗೆ ಆರಂಭಿಸಬೇಡಿ. ಒಂದು ಹತ್ತಿಬಟ್ಟೆಯ ಚೂರಿನ ಮೇಲೆ ಹೊಲಿಯುತ್ತ ಬಂದು, ನಿಲ್ಲಿಸದೆ ಲೇಸಿಗೆ ದಾಟಿ. ಹಿಂದೆ ಮುಂದೆ ಹೊಲಿದು ಬಿಗಿ ಮಾಡುವ ಅಭ್ಯಾಸವನ್ನು ಲೇಸಿನಲ್ಲಿ ಬಿಟ್ಟುಬಿಡಿ. ತುದಿ ಉದ್ದ ಬಿಟ್ಟು ಕೈಯಲ್ಲಿ ಗಂಟು ಹಾಕಿ.

ಇಷ್ಟಾದರೂ ನುಂಗಿದರೆ ತೆಳು ಕಾಗದ. ಬಟರ್ ಪೇಪರನ್ನು ಎರಡಿಂಚು ಅಗಲದ ಪಟ್ಟಿ ಮಾಡಿ ಲೇಸಿನ ಕೆಳಗಿಟ್ಟು ಒಟ್ಟಿಗೆ ಹೊಲಿಯಿರಿ. ಆಮೇಲೆ ಹೊಲಿಗೆಯ ಸಾಲನ್ನು ಹೆಬ್ಬೆರಳಲ್ಲಿ ಒತ್ತಿಹಿಡಿದು, ಕಾಗದವನ್ನು ಹೊಲಿಗೆಯ ಕಡೆಗೇ ಮಡಚಿ ನಿಧಾನವಾಗಿ ಹರಿಯಿರಿ. ಮೇಲಕ್ಕೆ ಜಗ್ಗಿದರೆ ಹೊಲಿಗೆಯೂ ಬರುತ್ತದೆ. ಅಚ್ಚಾದ ಪೇಪರ್ ಬೇಡ, ಶಾಯಿ ಬಿಳಿ ನೆಟ್ಟಿಗೆ ಹತ್ತುತ್ತದೆ.

ಕಾಗದ ಇಟ್ಟಾಗ ಸರಿಯಾಗಿ, ತೆಗೆದಾಗ ಮತ್ತೆ ನುಂಗಿದರೆ ಪ್ಲೇಟಿನ ತೂತು ನೋಡಿ. ಝಿಗ್‌ಝ್ಯಾಗ್ ಮೆಷಿನ್‌ಗಳಲ್ಲಿ ಸೂಜಿ ಅತ್ತಿತ್ತ ಹೋಗಲು ಉದ್ದನೆಯ ಸೀಳು ಇರುತ್ತದೆ. ಆ ಸೀಳಿನಲ್ಲಿ ನೆಟ್ಟಿಗೆ ಆಸರೆಯೇ ಇಲ್ಲ, ಸೂಜಿ ಅದನ್ನು ತಳ್ಳಿಕೊಂಡೇ ಕೆಳಗಿಳಿಯುತ್ತದೆ. ನನಗಾದದ್ದು ಅದೇ. ಅಮ್ಮನ ಕಾಲಿನ ಮೆಷಿನ್, ನೇರ ಹೊಲಿಗೆ ಮಾತ್ರ ಬರುವ ಕಪ್ಪು ಬಣ್ಣದ್ದು, ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಅದರ ಪ್ಲೇಟಿನಲ್ಲಿ ಸೂಜಿಗೆ ಬೇಕಾದಷ್ಟೇ ಸಣ್ಣ ದುಂಡು ತೂತು. ಅದೇ ಲೇಸ್, ಅದೇ ದಾರ, ಒಂದು ಕಡೆಯೂ ಕಚ್ಚಲಿಲ್ಲ. ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಂಥ ಹಳೆ ಮೆಷಿನ್ ಇದ್ದರೆ ಗೌನಿಗೆ ಅದನ್ನೇ ಬಳಸಿ ಎನ್ನುತ್ತೇನೆ. ಕಾಲಿನ ವೇಗವೂ ನಿಮ್ಮ ಹಿಡಿತದಲ್ಲಿರುತ್ತದೆ. ನಿಮ್ಮ ಝಿಗ್‌ಝ್ಯಾಗ್ ಮೆಷಿನ್‌ಗೇ ನೇರ ಹೊಲಿಗೆಯ ಪ್ಲೇಟು ಬೇರೆ ಸಿಕ್ಕರೆ ಹಾಕಬಹುದು. ಆದರೆ ಆ ಪ್ಲೇಟು ಇರುವಾಗ ಮರೆತು ಝಿಗ್‌ಝ್ಯಾಗ್ ಒತ್ತಿದರೆ ಸೂಜಿ ಲೋಹಕ್ಕೆ ಬಡಿದು ಮುರಿದು ಹಾರುತ್ತದೆ; ಕಣ್ಣಿಗೆ ಅಪಾಯ. ಪ್ಲೇಟಿನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿಡಿ.

ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದೆ

ಹೊಸ ಸೂಜಿ ಹಾಕಿ. ಬೇರೆ ಏನನ್ನೂ ಮುಟ್ಟುವ ಮೊದಲು ಇದು. ರವಿಕೆಗೆ ಹಾಕುವ 14 ಅಥವಾ 16ನೇ ನಂಬರ್ ಸೂಜಿ ಲೇಸಿಗೆ ಗೂಟ ಹೊಡೆದ ಹಾಗೆ. 9 ಅಥವಾ 11 ಬೇಕು. ಹಳೆ ಸೂಜಿಯ ತುದಿಯನ್ನು ನೈಲಾನ್ ಕಾಲುಚೀಲದ ಮೇಲೆ ಮೆಲ್ಲಗೆ ಎಳೆದು ನೋಡಿ. ಎಳೆ ಕಿತ್ತು ಬಂದರೆ ತುದಿ ಮಡಚಿದೆ ಎಂದರ್ಥ.

ಸೂಜಿಯನ್ನು ತಿರುವುಮುರುವು ಹಾಕಿದರೂ ಹೊಲಿಗೆ ಬೀಳುವುದಿಲ್ಲ. ಸೂಜಿಯ ಒಂದು ಬದಿಯಲ್ಲಿ ಉದ್ದಕ್ಕೂ ಸಣ್ಣ ಕಾಲುವೆ ಇರುತ್ತದೆ, ಉಗುರಿನಿಂದ ಸವರಿದರೆ ತಿಳಿಯುತ್ತದೆ. ದಾರ ಯಾವ ಕಡೆಯಿಂದ ಪೋಣಿಸುತ್ತೀರೋ ಆ ಕಡೆಗೆ ಕಾಲುವೆ ಇರಬೇಕು. ಸೂಜಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ ಸ್ಕ್ರೂ ಬಿಗಿ ಮಾಡಿ.

ಸೂಜಿ ಹೊಸದು, ಸರಿಯಾಗಿಯೇ ಕೂತಿದೆ, ಆದರೂ ಬಿಡುತ್ತಿದೆಯೇ? ಕಣ್ಣು ಪ್ಲೇಟಿನ ಮಟ್ಟಕ್ಕೆ ತಂದು, ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ. ಸೂಜಿ ಮೇಲೇರುವಾಗ ನೆಟ್ಟೂ ಅದರ ಜೊತೆ ಡೇರೆಯ ಹಾಗೆ ಏಳುತ್ತಿದ್ದರೆ ಕೆಳಗೆ ದಾರದ ಕುಣಿಕೆ ಬಿಚ್ಚಿಕೊಳ್ಳುವುದಿಲ್ಲ, ಕೆಳದಾರ ಹೆಣೆಯುವ ಶಟಲ್ ಅದನ್ನು ಹಿಡಿಯುವುದಿಲ್ಲ. ಇದಕ್ಕೂ ಬಟರ್ ಪೇಪರೇ ಮದ್ದು. ಹತ್ತಿಬಟ್ಟೆಯ ಮೇಲೂ ಹೊಲಿಗೆ ಬಿಡುತ್ತಿದ್ದರೆ ಮಾತ್ರ ದೋಷ ಮೆಷಿನ್‌ನದು. ಸೂಜಿಗೂ ಶಟಲ್‌ಗೂ ತಾಳ ತಪ್ಪಿದೆ. ಅದನ್ನು ಮೆಕ್ಯಾನಿಕ್‌ಗೆ ಬಿಡಿ.

ಮಣಿ, ಸೀಕ್ವಿನ್ (ಹೊಳೆಯುವ ಸಣ್ಣ ಬಿಲ್ಲೆ) ಇರುವ ಲೇಸ್ ಆದರೆ ಹೊಲಿಗೆ ಹೋಗುವ ಜಾಗದ ಮಣಿಗಳನ್ನು ಮೊದಲೇ ತೆಗೆಯಬೇಕು. ದಾರ ಕತ್ತರಿಸಿದರೆ ಸಾಲಾಗಿ ಎಲ್ಲ ಉದುರುತ್ತವೆ. ಮಣಿಯ ಮೇಲೊಂದು ಬಟ್ಟೆ ಮುಚ್ಚಿ, ಇಕ್ಕಳದಿಂದ ಒತ್ತಿ ಮಣಿಯನ್ನೇ ಪುಡಿ ಮಾಡಿ. ದಾರ ಹಾಗೇ ಉಳಿಯುತ್ತದೆ. ಆ ಕೆಲಸಕ್ಕೆ ಕನ್ನಡಕ ಹಾಕಿಕೊಳ್ಳಿ. ಗಾಜಿನ ಚೂರು ನೆಲದಲ್ಲಿ ಬಿಡಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಹೊಲಿಗೆಯ ಸಾಲು ಸುಕ್ಕುಗಟ್ಟಿದೆ

ಸುಕ್ಕಿಗೆ ಕಾರಣ ಎರಡರಲ್ಲಿ ಒಂದು, ಮತ್ತು ಅದನ್ನು ಕಂಡುಹಿಡಿಯಲು ಸೊಗಸಾದ ಪರೀಕ್ಷೆ ಇದೆ. ಚೂರಿನ ಮೇಲೆ ಒಂದಡಿ ಹೊಲಿಯಿರಿ. ಮೇಲಿನ ದಾರವನ್ನು ಮಾತ್ರ ಎರಡೆರಡು ಇಂಚಿಗೆ ಒಂದು ಕಡೆ ಕತ್ತರಿಸಿ. ಸುಕ್ಕು ಅಲ್ಲೇ ಬಿಚ್ಚಿಕೊಂಡು ಲೇಸ್ ಮಟ್ಟಸವಾದರೆ ಎಳೆಯುತ್ತಿದ್ದದ್ದು ದಾರ. ಕತ್ತರಿಸಿದರೂ ಅಲೆ ಉಳಿದರೆ, ಎರಡು ಪದರಗಳು ಸಮನಾಗಿ ಸಾಗಿಲ್ಲ.

ದಾರದ ತಪ್ಪಾದರೆ ಮೇಲಿನ ಟೆನ್ಶನ್ ಅರ್ಧ ಸುತ್ತು ಸಡಿಲಿಸಿ, ಹೊಲಿಗೆಯ ಉದ್ದ 2ರಿಂದ 2.5 ಮಿಲಿಮೀಟರ್ ಇಡಿ, ತೆಳು ದಾರ ಬಳಸಿ. ಹೊಲಿದಾಗ ಚೆನ್ನಾಗಿದ್ದು ಮರುದಿನ ಬೆಳಿಗ್ಗೆ ಸುಕ್ಕಾಗಿದ್ದರೆ ಬಾಬಿನ್ ಕಡೆ ನೋಡಿ. ಪಾಲಿಯೆಸ್ಟರ್ ದಾರವನ್ನು ಜೋರಾಗಿ ಸುತ್ತಿದರೆ ಅದು ಹಿಗ್ಗಿಕೊಂಡೇ ಬಾಬಿನ್ ಸೇರುತ್ತದೆ, ಹೊಲಿದ ಮೇಲೆ ಮೆಲ್ಲಗೆ ತನ್ನ ಮೊದಲಿನ ಉದ್ದಕ್ಕೆ ಕುಗ್ಗುತ್ತ ಲೇಸನ್ನೂ ಎಳೆದುಕೊಳ್ಳುತ್ತದೆ. ಬಾಬಿನನ್ನು ನಿಧಾನವಾಗಿ ಸುತ್ತಿ. ನನ್ನ ಎಡಬದಿಯ ಹೊಲಿಗೆಯನ್ನು ಇದೇ ಕಾರಣಕ್ಕೆ ಪೂರ್ತಿ ಬಿಚ್ಚಿದ್ದೆ.

ಪದರಗಳ ತಪ್ಪಾದರೆ ಕಚ್ಚಾ ಹೊಲಿಗೆಗೆ ಬದಲಿ ಇಲ್ಲ. ಲೇಸನ್ನೂ ಅದರ ಕೆಳಗಿನ ಲೈನಿಂಗನ್ನೂ ಮೇಜಿನ ಮೇಲೆ ಎಳೆಯದೆ ಹರಡಿ, ಅಂಚಿನ ಸುತ್ತ ಉದ್ದುದ್ದ ಕೈಹೊಲಿಗೆ ಹಾಕಿ ಒಂದೇ ಬಟ್ಟೆಯಂತೆ ಮಾಡಿಕೊಂಡ ಮೇಲೆ ಮೆಷಿನ್‌ಗೆ ಕೊಡಿ. ಪಿನ್ನುಗಳು ನೆಟ್ಟಿನ ತೂತಿನಲ್ಲಿ ಜಾರಿ ಬೀಳುತ್ತವೆ, ಅವನ್ನು ನಂಬಬೇಡಿ. ಫುಟ್‌ನ ಒತ್ತಡ ಕಡಿಮೆ ಮಾಡುವ ತಿರುಪು ಇದ್ದರೆ ಸ್ವಲ್ಪ ಸಡಿಲಿಸಿ.

ಲೇಸ್ ಹರಿಯುತ್ತಿದೆ

ಎಲ್ಲಿ ಹರಿದಿದೆ ಎಂಬುದೇ ಉತ್ತರ ಹೇಳುತ್ತದೆ.

ಹೊಲಿಗೆಯ ಸಾಲಿನಲ್ಲೇ ಹರಿದಿದ್ದರೆ ಹೊಲಿಗೆ ತೀರಾ ಸಣ್ಣದು, ಅಥವಾ ಸೂಜಿ ದಪ್ಪ. ಅಂಚೆಚೀಟಿಯ ಅಂಚಿನ ತೂತುಗಳಂತೆ ಸೂಜಿ ಸಾಲಾಗಿ ನೆಟ್ಟಿನ ಎಳೆಗಳನ್ನು ಕಡಿದಿರುತ್ತದೆ. ಒಂದೇ ಸಾಲನ್ನು ಮೂರು ಸಲ ಬಿಚ್ಚಿ ಹೊಲಿದರೂ ಹೀಗೇ ಆಗುತ್ತದೆ. ಮತ್ತೆ ಅಲ್ಲೇ ಹೊಲಿಯಬೇಡಿ. ಕಾಲಿಂಚು ಒಳಗೆ ಸರಿಯಿರಿ, ಇಲ್ಲವೇ ಅದರ ಮೇಲೆ ಲೇಸಿನ ಚೂರಿನಿಂದ ಕತ್ತರಿಸಿದ ಒಂದು ಹೂವು ಕೂರಿಸಿ.

ನೆಟ್ಟಿನ ನಡುವೆ ಎಲ್ಲೋ ಒಂದು ಕಡೆ ದುಂಡಗೆ ತೂತಾಗಿದ್ದರೆ ಏನೋ ಸಿಕ್ಕಿಹಾಕಿಕೊಂಡಿದೆ: ಉಂಗುರ, ಬಳೆ, ಒಡೆದ ಉಗುರು, ಮೇಜಿನ ಸಿಬಿರು. ಹೊಲಿಯಲು ಕೂರುವಾಗ ಬಳೆ, ಉಂಗುರ ತೆಗೆದಿಡಿ. ಅದೇ ನೆಟ್ಟಿನ ಸಣ್ಣ ಚೂರನ್ನು ಒಳಗಿನಿಂದ ಇಟ್ಟು, ಕೂದಲೆಳೆಯಂಥ ದಾರದಲ್ಲಿ ಸುತ್ತ ಕಟ್ಟಿ, ಹೊರಗೆ ಒಂದು ಎಲೆಯನ್ನೋ ಮೊಗ್ಗನ್ನೋ ಹೊಲಿದುಬಿಡಿ. ಯಾರಿಗೂ ಕಾಣದು.

ಕಂಕುಳಲ್ಲಿ ಹರಿದಿದ್ದರೆ ತೋಳಿನ ಚಲನೆ ಎಳೆಯುತ್ತಿದೆ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು, ಬಿಗಿಯಾಗಿದೆ ಎಂದು ಕಂಕುಳನ್ನು ಇನ್ನೂ ಕೆಳಗೆ ಕತ್ತರಿಸುವುದು. ಕೆಳಗಿಳಿಸಿದಷ್ಟೂ ಕೈ ಎತ್ತಿದಾಗ ಇಡೀ ಗೌನು ಮೇಲೇಳುತ್ತದೆ. ಕಂಕುಳ ಮೇಲಕ್ಕೆ, ದೇಹಕ್ಕೆ ಹತ್ತಿರ ಇದ್ದರೆ ಕೈ ಆರಾಮವಾಗಿ ಆಡುತ್ತದೆ. ಕತ್ತರಿಸಿಯಾಗಿದ್ದರೆ ಕಂಕುಳಲ್ಲಿ ಎಲೆಯಾಕಾರದ ಒಂದು ತುಂಡು ಸೇರಿಸಿ. ಇದನ್ನೆಲ್ಲ ಲೇಸಿನಲ್ಲಿ ಕಲಿಯಬಾರದು. ಮೊದಲು ಕೋರಾ ಬಟ್ಟೆಯಲ್ಲಿ ಇಡೀ ಮೇಲ್ಭಾಗ ಹೊಲಿದು, ಹಾಕಿಕೊಂಡು, ಯಾರನ್ನಾದರೂ ತಬ್ಬಿ ನೋಡಿ. ಮದುವೆಯ ದಿನ ನೂರಾರು ಜನರನ್ನು ತಬ್ಬಬೇಕಾಗುತ್ತದೆ.

ಭುಜದಲ್ಲಿ ಹರಿದಿದ್ದರೆ, ಅಥವಾ ಭುಜದ ಲೇಸಿನ ತೂತುಗಳು ಉದ್ದಕ್ಕೆ ಎಳೆದುಕೊಂಡಿದ್ದರೆ, ಗೌನಿನ ಇಡೀ ತೂಕ ಲೇಸಿಗೆ ಜೋತುಬಿದ್ದಿದೆ. ಇದು ಎಲ್ಲಕ್ಕಿಂತ ದೊಡ್ಡ ದೋಷ, ಅಲ್ಲಿ ಹೊಲಿಗೆ ಹಾಕಿ ಮುಚ್ಚುವುದರಿಂದ ಸರಿಹೋಗದು. ತೂಕವನ್ನು ಸೊಂಟಕ್ಕೆ ಸಾಗಿಸಬೇಕು. ಒಂದಿಂಚು ಅಗಲದ, ಹಿಗ್ಗದ ಗ್ರೋಸ್‌ಗ್ರೇನ್ (ಅಡ್ಡಗೆರೆಗಳ ಗಟ್ಟಿ ನೇಯ್ಗೆಯ) ರಿಬ್ಬನ್ ತನ್ನಿ. ನಿಮ್ಮ ಸೊಂಟದ ಅಳತೆಗೆ ಸರಿಯಾಗಿ ಕತ್ತರಿಸಿ, ತುದಿಗೆ ಎರಡು ಗಟ್ಟಿ ಹುಕ್ಕು ಹಾಕಿ, ಗೌನಿನ ಒಳಗೆ ಸೊಂಟದ ಹೊಲಿಗೆಗಳಿಗೆ ಅಲ್ಲಲ್ಲಿ ಕಟ್ಟಿ. ಹಾಕಿಕೊಳ್ಳುವಾಗ ಮೊದಲು ಈ ಪಟ್ಟಿಯ ಹುಕ್ಕು, ಆಮೇಲೆ ಜಿಪ್ಪು. ಸರಿಯಾಗಿದೆಯೇ ಎಂದು ನೋಡಲು ಪಟ್ಟಿ ಹಾಕಿಕೊಂಡು ಕನ್ನಡಿ ಮುಂದೆ ನಿಂತು ಭುಜದ ಲೇಸನ್ನು ಎರಡು ಬೆರಳಲ್ಲಿ ಎತ್ತಿ. ಸಲೀಸಾಗಿ ಎದ್ದರೆ ಅದರ ಮೇಲೆ ಭಾರವಿಲ್ಲ.

ಲೇಸಿನ ಹಿಂದೆ ಆಧಾರದ ಬಟ್ಟೆಯೂ ಬೇಕು. ಎದೆಯ ಭಾಗಕ್ಕೆ ಸಿಲ್ಕ್ ಆರ್ಗಾಂಜಾ ತುಂಬಾ ಒಳ್ಳೆಯದು; ಗಾಳಿಯಷ್ಟು ಹಗುರ, ಆದರೆ ಹಿಗ್ಗುವುದಿಲ್ಲ. ಮೈ ಕಾಣುವಂತೆ ಇರಬೇಕಾದ ಭುಜ, ಬೆನ್ನಿಗೆ ಮೈಬಣ್ಣದ ನೆಟ್ಟು ಸಾಕು. ನೆಟ್ಟು ಒಂದು ಕಡೆಗೆ ಹೆಚ್ಚು ಹಿಗ್ಗುತ್ತದೆ, ಎಳೆದು ನೋಡಿದರೆ ಗೊತ್ತಾಗುತ್ತದೆ. ಹಿಗ್ಗದ ದಿಕ್ಕು ಮೇಲಿಂದ ಕೆಳಕ್ಕೆ ಬರಲಿ.

ಕತ್ತು ತೆರೆದುಕೊಂಡಿದೆ, ಕೆಳ ಅಂಚು ಒಂದು ಕಡೆ ಉದ್ದ

ಕತ್ತಿನ ಲೇಸ್ ಹಿಗ್ಗಿದರೆ ಅಲ್ಲಿ ಮೊದಲೇ ಪಟ್ಟಿ ಹಾಕಿಲ್ಲ ಎಂದರ್ಥ. ಆರ್ಗಾಂಜಾದ ಕಿರಿದಾದ ನೇರ ಪಟ್ಟಿಯನ್ನು ಕೋರಾ ಮಾದರಿಯ ಕತ್ತಿನ ಅಳತೆಗೆ ಕತ್ತರಿಸಿ, ಹಿಗ್ಗಿದ ಲೇಸನ್ನು ಅದರೊಳಗೆ ಕೂರಿಸಿ ಕೈಯಲ್ಲಿ ಹೊಲಿಯಿರಿ. ಸ್ವಲ್ಪ ಹಿಗ್ಗಿದ್ದರೆ ಹಬೆ ಕೊಟ್ಟಾಗ ಕೂಡಿಕೊಳ್ಳುತ್ತದೆ. ಅರ್ಧ ಇಂಚಿಗಿಂತ ಹೆಚ್ಚು ತೆರೆದಿದ್ದರೆ ದೋಷ ಕತ್ತಿನದಲ್ಲ, ಭುಜದ ಅಳತೆಯದು, ಭುಜ ಬಿಚ್ಚಿ.

ಕೆಳ ಅಂಚು ಓರೆಯಾದರೆ ಗಾಬರಿ ಬೇಡ. ಗೌನನ್ನು ಸೊಂಟದ ಪಟ್ಟಿಯಿಂದ ತೂಗುಹಾಕಿ ಎರಡು ದಿನ ಬಿಡಿ. ಓರೆಯಾಗಿ ಕತ್ತರಿಸಿದ ಭಾಗಗಳು ತಮ್ಮ ತೂಕಕ್ಕೆ ಇಳಿಯುತ್ತವೆ, ಆಮೇಲೆ ಅಳೆಯಬೇಕು. ಮದುವೆಗೆ ಹಾಕುವ ಚಪ್ಪಲಿಯನ್ನೇ ಹಾಕಿ ನಿಂತು, ನೆಲದಿಂದ ಸ್ಕೇಲ್ ಹಿಡಿದು ಬೇರೆಯವರು ಗುರುತು ಮಾಡಲಿ. ಅಂಚಿನಲ್ಲಿ ಕಮಾನಿನ ವಿನ್ಯಾಸ ಇರುವ ಲೇಸ್ ಆದರೆ ಕೆಳಗೆ ಕತ್ತರಿಸಿ ಮಡಚಲು ಬರುವುದಿಲ್ಲ. ಉದ್ದವನ್ನು ಸೊಂಟದಲ್ಲಿ ಕಳೆಯಬೇಕು.

ನಡೆದು ನೋಡಿದರೆ ಸಾಲದು. ಇಗರ್ಜಿಯಲ್ಲಿ ಮೊಣಕಾಲೂರಬೇಕು. ಮನೆಯಲ್ಲಿ ಹಳೆ ಬೆಡ್‌ಶೀಟ್ ಹಾಸಿ ಮೊಣಕಾಲೂರಿ, ಎದ್ದು ನಿಲ್ಲಿ. ಏಳುವಾಗ ಮುಂಭಾಗ ಕಾಲಿನಡಿ ಸಿಕ್ಕಿಕೊಂಡು ಸೊಂಟದಲ್ಲಿ ಪಟ್ ಎಂದರೆ, ಮುಂದಿನ ಅಂಚನ್ನು ಒಂದಿಂಚು ಏರಿಸಿ. ತಂಗಿಯ ಗೌನಿನಲ್ಲಿ ಹೀಗೆ ನೋಡಿದ್ದಕ್ಕೇ ಉಳಿಯಿತು.

ಬದಿಯ ಹೊಲಿಗೆ ಗೆರೆಯಂತೆ ಎದ್ದು ಕಾಣುತ್ತಿದೆ

ರವಿಕೆಯ ಹಾಗೆ ಎರಡು ಅಂಚು ಸೇರಿಸಿ ಹೊಲಿದರೆ ಒಳಗಿನ ಮಡಿಕೆ ನೆಟ್ಟಿನ ಮೂಲಕ ಬಿಳಿ ಗೆರೆಯಾಗಿ ಕಾಣುತ್ತದೆ, ಹೂಗಳು ಅರ್ಧಕ್ಕೆ ತುಂಡಾಗುತ್ತವೆ. ಮಡಿಕೆಯನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿ ಮತ್ತೊಂದು ಸಾಲು ಹೊಲಿಯುವುದು ಸುಲಭದ ಪರಿಹಾರ. ಗೆರೆ ತೆಳುವಾಗುತ್ತದೆ, ಪೂರ್ತಿ ಹೋಗದು.

ಪೂರ್ತಿ ಹೋಗಬೇಕೆಂದರೆ ಹೂಗಳನ್ನು ಒಂದರ ಮೇಲೊಂದು ತರಬೇಕು. ಹೊಲಿಗೆಯ ಗೆರೆಯನ್ನು ಎರಡೂ ತುಂಡಿನ ಮೇಲೆ ಬಣ್ಣದ ದಾರದ ಕಚ್ಚಾ ಹೊಲಿಗೆಯಿಂದ ಗುರುತಿಸಿ. ಪೆನ್ನು, ಚಾಕ್ ಬೇಡ. ಮುಂದಿನ ತುಂಡಿನಲ್ಲಿ ಗೆರೆಗೆ ಸಿಗುವ ಹೂಗಳನ್ನು ಕಡಿಯದೆ, ಅವುಗಳ ಹೊರ ಅಂಚನ್ನು ಅನುಸರಿಸಿ ಕತ್ತರಿಸಿ. ಹಿಂದಿನ ತುಂಡಿನ ಗೆರೆಯ ಮೇಲೆ ಈ ತುಂಡಿನ ಗೆರೆ ಕೂರುವಂತೆ ಮಲಗಿಸಿ, ಹೂವಿನ ಅಂಚಿನ ದಪ್ಪ ದಾರದ ಪಕ್ಕದಲ್ಲೇ ಸಣ್ಣ ಕೈಹೊಲಿಗೆ ಹಾಕುತ್ತ ಹೋಗಿ. ಕೊನೆಗೆ ಗೌನನ್ನು ತಿರುಗಿಸಿ, ಕೆಳಗೆ ಉಳಿದ ಹೆಚ್ಚಿನ ನೆಟ್ಟನ್ನು ಹೊಲಿಗೆಯ ಬಳಿ ಕತ್ತರಿಸಿ. ಈ ಕತ್ತರಿಸುವಾಗಲೇ ಮೇಲಿನ ಲೇಸಿಗೆ ಕತ್ತರಿ ತಗಲುವುದು. ಎರಡು ಪದರದ ನಡುವೆ ಒಂದು ಕಾರ್ಡು ತೂರಿಸಿಟ್ಟುಕೊಳ್ಳಿ.

ಒಂದು ಬದಿಗೆ ನನಗೆ ನಾಲ್ಕು ಸಂಜೆ ಹಿಡಿಯಿತು. ಆದರೆ ಗೌನಿನಲ್ಲಿ ಕೈ ಇಟ್ಟು ಎಲ್ಲಿ ಹೊಲಿದದ್ದು ಎಂದು ಹುಡುಕಿದ ಅಮ್ಮನಿಗೆ ಸಿಗಲಿಲ್ಲ. ಆ ಗಳಿಗೆಯ ಸಂತೋಷ ಇನ್ನೂ ನನ್ನಲ್ಲಿದೆ.

ಲೈನಿಂಗ್ ಬಣ್ಣ ಬೇರೆಯಾಗಿ ಕಾಣುತ್ತದೆ

ಬಿಳಿಯಲ್ಲಿ ನೀಲಿ ಛಾಯೆಯದು, ಕೆನೆ ಛಾಯೆಯದು ಎಂದು ಬೇರೆ ಬೇರೆ ಇವೆ. ಅಂಗಡಿಯ ಬೆಳಕಿನಲ್ಲಿ ಎಲ್ಲವೂ ಒಂದೇ. ಲೇಸ್, ಲೈನಿಂಗ್, ದಾರ ಮೂರನ್ನೂ ಬಾಗಿಲ ಬಳಿ ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ಮೊಬೈಲಿನ ಫ್ಲ್ಯಾಷ್ ಹಾಕಿ ಫೋಟೊ ತೆಗೆಯಿರಿ. ಕಣ್ಣಿಗೆ ಕಾಣದ ವ್ಯತ್ಯಾಸ ಫ್ಲ್ಯಾಷ್‌ನಲ್ಲಿ ಕಾಣುತ್ತದೆ. ಹೊಲಿದಾದ ಮೇಲೆ ಗೊತ್ತಾದರೆ ನಡುವೆ ಒಂದು ಪದರ ನೆಟ್ಟು ಸೇರಿಸಿದರೆ ವ್ಯತ್ಯಾಸ ಮಸುಕಾಗುತ್ತದೆ.

ಇಸ್ತ್ರಿ ಹಾಕಿದ ಕಡೆ ಹೊಳಪು, ಸುರುಟು, ತೂತು

ಹೊಳಪು ಅಥವಾ ಚಪ್ಪಟೆಯಾದ ಹೂವು ಎಂದರೆ ಲೇಸಿನ ಮುಖದ ಮೇಲೆ ಒತ್ತಿದ್ದೀರಿ. ದಪ್ಪ ಟವೆಲ್ ಹಾಸಿ, ಲೇಸನ್ನು ಮುಖ ಕೆಳಗಾಗಿ ಮಲಗಿಸಿ, ಮೇಲೆ ಹತ್ತಿಬಟ್ಟೆ ಮುಚ್ಚಿ, ಇಸ್ತ್ರಿಯನ್ನು ಎಳೆಯದೆ ಎತ್ತಿ ಎತ್ತಿ ಇಡಿ. ಹೂವು ಮತ್ತೆ ಉಬ್ಬಬಹುದು. ಸುರುಟಿಕೊಂಡು ಗಟ್ಟಿಯಾಗಿದ್ದರೆ ನೈಲಾನ್ ಕರಗಿದೆ; ಅದು ಹಿಂದಿರುಗುವುದಿಲ್ಲ, ಆ ಭಾಗ ಕತ್ತರಿಸಿ ಹೂವು ಕೂರಿಸುವುದೊಂದೇ ದಾರಿ. ಸೀಕ್ವಿನ್ ಇದ್ದರೆ ಇಸ್ತ್ರಿ ಬೇಡವೇ ಬೇಡ.

ಲೇಸ್ ಯಾವ ನೂಲಿನದು ಎಂದು ತಿಳಿಯಲು ಸುಟ್ಟು ನೋಡುವ ವಿಧಾನವಿದೆ. ನಾಲ್ಕೈದು ಎಳೆಗಳನ್ನು ಚಿಮುಟದಲ್ಲಿ ಹಿಡಿದು, ನೀರಿನ ಪಾತ್ರೆಯ ಮೇಲೆ, ಫ್ಯಾನ್ ಆರಿಸಿ, ಗೌನಿನಿಂದ ದೂರದ ಕೋಣೆಯಲ್ಲಿ ಮಾಡಿ. ಹತ್ತಿಯಾದರೆ ಕಾಗದದ ವಾಸನೆ, ಮೆತ್ತನೆ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ನೈಲಾನ್, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತವೆ. ಆ ಬಿಸಿ ಮಣಿಯನ್ನು ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಪೀಠದ ಮುಂದೆ ಮೇಣದಬತ್ತಿ ಹಚ್ಚುವ ಕ್ರಮವಿದ್ದರೆ ವೇಲ್ ಮತ್ತು ಲೇಸಿನ ಅಗಲ ತೋಳು ಜ್ವಾಲೆಯ ಹತ್ತಿರ ಹೋಗದಂತೆ ಜೊತೆಗಿರುವವರು ಹಿಂದಕ್ಕೆ ಹಿಡಿದಿರಬೇಕು. ನೆಟ್ಟಿಗೆ ಬೆಂಕಿ ಹತ್ತಲು ಕ್ಷಣ ಸಾಕು.

ಕಲೆ, ಹಳದಿ, ತುಕ್ಕು, ಬೂಷ್ಟು

2011ರಲ್ಲಿ ಬ್ರಿಟನ್ನಿನ ಕೇಟ್ ಮಿಡಲ್ಟನ್ ಅವರ ಮದುವೆಯ ಗೌನಿಗೆ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್‌ನ ಕಸೂತಿಗಾರರು ಲೇಸಿನ ಹೂಗಳನ್ನು ಕತ್ತರಿಸಿ ಕೈಯಿಂದ ಕೂರಿಸಿದರು. ಪ್ರತಿ 30 ನಿಮಿಷಕ್ಕೊಮ್ಮೆ ಕೈ ತೊಳೆಯುತ್ತಿದ್ದರು, 3 ಗಂಟೆಗೊಮ್ಮೆ ಸೂಜಿ ಬದಲಿಸುತ್ತಿದ್ದರು. ಅಷ್ಟು ಪಳಗಿದವರಿಗೇ ಬೇಕಾದ ಶಿಸ್ತು ಕರಾವಳಿಯ ಬೆವರಿನಲ್ಲಿ ಹೊಲಿಯುವ ನಮಗೂ ಬೇಕು.

ಕಪ್ಪು ಚುಕ್ಕೆ ಮೆಷಿನ್ ಎಣ್ಣೆಯದು. ಉಜ್ಜಬೇಡಿ. ಕಾರ್ನ್‌ಫ್ಲೋರ್ ಉದುರಿಸಿ ರಾತ್ರಿಯಿಡೀ ಬಿಟ್ಟು ಕೊಡವಿ. ಉಳಿದರೆ ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ನೀರಿನಲ್ಲಿ ಬೆರೆಸಿ ಕಲೆಯನ್ನು ತಟ್ಟಿ, ಬಿಳಿ ಬಟ್ಟೆಗೆ ಹೀರಿಸಿ. ಎಣ್ಣೆ ಹಾಕಿದ ದಿನ ಮೆಷಿನ್‌ನಲ್ಲಿ ಹಳೆ ಬಟ್ಟೆಯನ್ನಷ್ಟೇ ಹೊಲಿಯಿರಿ. ಬೆರಳಿಗೆ ಸೂಜಿ ಚುಚ್ಚಿ ರಕ್ತ ಹತ್ತಿದರೆ ಕೂಡಲೇ ತಣ್ಣೀರು. ಬಿಸಿನೀರು ತಗಲಿದರೆ ಕಲೆ ಕಚ್ಚಿಕೊಳ್ಳುತ್ತದೆ.

ಕಂದು ಚುಕ್ಕೆಗಳು ಸಾಲಾಗಿದ್ದರೆ ಪಿನ್ನಿನ ತುಕ್ಕು. ಮಳೆಗಾಲದಲ್ಲಿ ಒಂದು ರಾತ್ರಿ ಸಾಕು. ಸ್ಟೇನ್‌ಲೆಸ್ ಪಿನ್ನು ಬಳಸಿ, ಅದನ್ನೂ ಕೆಲಸ ಮುಗಿದ ಕೂಡಲೇ ತೆಗೆಯಿರಿ. ತುಕ್ಕಿನ ಕಲೆಗೆ ಮನೆಯಲ್ಲಿ ಏನೂ ಹಚ್ಚದೆ ಅನುಭವಿ ಡ್ರೈಕ್ಲೀನರ್ ಬಳಿ ಒಯ್ಯಿರಿ. ಸೀಕ್ವಿನ್ ಇದ್ದರೆ ಹೇಳಿ, ಚೂರಿನ ಮೇಲೆ ಪರೀಕ್ಷಿಸಿದ ಮೇಲೇ ಗೌನು ಕೊಡಿ. ಕೆಲವು ಸೀಕ್ವಿನ್ ಡ್ರೈಕ್ಲೀನಿಂಗ್‌ನಲ್ಲಿ ಬಣ್ಣ ಬಿಡುತ್ತವೆ.

ಹಳದಿಯಾದರೆ ಬ್ಲೀಚ್ ಹಾಕುವ ಯೋಚನೆ ಬರುತ್ತದೆ. ಹಾಕಬೇಡಿ. ಕ್ಲೋರಿನ್ ಬ್ಲೀಚ್ ನೈಲಾನನ್ನು ಇನ್ನೂ ಹಳದಿ ಮಾಡುತ್ತದೆ, ರೇಷ್ಮೆಯನ್ನು ತಿಂದುಹಾಕುತ್ತದೆ. ಅದರ ಜೊತೆ ವಿನೆಗರ್, ನಿಂಬೆ, ಟಾಯ್ಲೆಟ್ ಕ್ಲೀನರ್ ಸೇರಿಸಿದರೆ ವಿಷಾನಿಲ ಏಳುತ್ತದೆ.

ಮಣ್ಣಿನ ವಾಸನೆ, ಬೂದು ಚುಕ್ಕೆ ಕಂಡರೆ ಬೂಷ್ಟು. ಹೊರಗೆ ನೆರಳಿನಲ್ಲಿ ಮೆತ್ತನೆ ಬ್ರಷ್‌ನಿಂದ ಕೊಡವಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟದ್ದೇ ಕಾರಣವಾಗಿರುತ್ತದೆ. ಒಗೆದ ಬಿಳಿ ಮಲ್ಲು (ತೆಳು ಹತ್ತಿ) ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ನುಸಿಗುಳಿಗೆ ಬಟ್ಟೆಗೆ ತಾಗಬಾರದು.

ಹಾಕಿಕೊಂಡರೆ ಚುಚ್ಚುತ್ತದೆ

ಕಂಕುಳು, ಕತ್ತಿನ ಒಳ ಅಂಚನ್ನು ಬೆರಳಿನಿಂದ ಸವರಿ. ಕತ್ತರಿಸಿದ ನೈಲಾನ್ ನೆಟ್ಟಿನ ತುದಿಗಳು ಗರಗಸದಂತಿರುತ್ತವೆ. ತೆಳು ಹತ್ತಿ ಅಥವಾ ರೇಷ್ಮೆಯ ಓರೆ ಪಟ್ಟಿಯಿಂದ ಮುಚ್ಚಿ. ಮುಚ್ಚಿದ ಮೇಲೂ ಚರ್ಮ ಕೆಂಪಾಗಿ ದದ್ದು ಏಳುತ್ತಿದ್ದರೆ ಬಟ್ಟೆಗೆ ಹಾಕಿದ ಗಂಜಿಯೋ ಬಣ್ಣವೋ ಒಗ್ಗುತ್ತಿಲ್ಲ. ಹಾಕಿಕೊಳ್ಳುವುದನ್ನು ನಿಲ್ಲಿಸಿ ಚರ್ಮದ ವೈದ್ಯರಿಗೆ ತೋರಿಸಿ, ಒಳಗೆ ಪೂರ್ತಿ ಹತ್ತಿಯ ಲೈನಿಂಗ್ ಹಾಕಿಸಿ.

ಮದುವೆಗೆ ಎರಡು ವಾರ ಉಳಿದಾಗ

ಈಗಲೂ ಭುಜ ಎಳೆಯುತ್ತಿದ್ದರೆ, ಜಿಪ್ಪಿನ ಪಕ್ಕದ ಲೇಸ್ ಬಿರಿಯುತ್ತಿದ್ದರೆ, ಅಥವಾ ಒಂದೇ ಹೊಲಿಗೆಯನ್ನು ಮೂರನೇ ಸಲ ಬಿಚ್ಚುತ್ತಿದ್ದರೆ ಕೈ ಬಿಟ್ಟು ಬೇರೆಯವರನ್ನು ಕರೆಯಿರಿ. ಗೌನು ಹೊಲಿಯುವ ಟೈಲರ್‌ಗಳು ಸಿಗದಿದ್ದರೆ ಆರಿ ಕೆಲಸದವರನ್ನು ಕೇಳಿ. ಮದುವೆ ರವಿಕೆಗಳಿಗೆ ನೆಟ್ಟಿನ ಮೇಲೆ ಮಣಿ ಕೂರಿಸಿ ಕೂರಿಸಿ ಅವರ ಕೈ ಎಷ್ಟು ಹಗುರವೆಂದರೆ, ಹರಿದ ನೆಟ್ಟನ್ನು ಅವರು ಹೂವಾಗಿಯೇ ಮುಚ್ಚಿಕೊಡುತ್ತಾರೆ. ನನ್ನ ಬೆನ್ನಿನ ಭಾಗವನ್ನು ಹಾಗೆ ಮಾಡಿಕೊಟ್ಟವರಿಗೆ ಇಂದಿಗೂ ಕೃತಜ್ಞಳು.

ಒಂದು ಪುಟ್ಟ ಚೀಲದಲ್ಲಿ ದಾರ ಪೋಣಿಸಿದ ಎರಡು ಸೂಜಿ, ಸಣ್ಣ ಕತ್ತರಿ, ಎರಡು ಹುಕ್ಕು, ಕತ್ತರಿಸಿಟ್ಟ ನಾಲ್ಕಾರು ಲೇಸಿನ ಹೂವು, ಬಿಳಿ ಕರವಸ್ತ್ರ ಹಾಕಿ ಜೊತೆಗಾತಿಯ ಕೈಗೆ ಕೊಡಿ. ಸೇಫ್ಟಿ ಪಿನ್ನನ್ನು ನೆಟ್ಟಿಗೆ ಚುಚ್ಚಬಾರದು, ಲೈನಿಂಗಿಗೆ ಮಾತ್ರ ಎಂದು ಆಕೆಗೆ ಹೇಳಿಡಿ.

ರೋಸ್ ದಿನ, ಅಂದರೆ ಮದುವೆಗೆ ಮುಂಚೆ ನಮ್ಮ ಮಂಗಳೂರು ಕ್ಯಾಥೊಲಿಕರಲ್ಲಿ ನಡೆಯುವ ತೆಂಗಿನ ಹಾಲು ಹಚ್ಚುವ ಶಾಸ್ತ್ರದ ದಿನ, ಗೌನಿನ ಹತ್ತಿರ ಸುಳಿಯಬೇಡಿ. ತೆಂಗಿನ ಹಾಲು, ಎಣ್ಣೆ ಮೈಗೆ, ಕೂದಲಿಗೆ ಹಚ್ಚಿರುತ್ತಾರೆ, ಸ್ನಾನವಾದರೂ ಬೆರಳ ಸಂದಿಯಲ್ಲಿ, ಕಿವಿಯ ಹಿಂದೆ ಜಿಡ್ಡು ಉಳಿದಿರುತ್ತದೆ. ಮನೆ ತುಂಬ ನೆಂಟರು, ಎಲ್ಲರಿಗೂ ಗೌನು ನೋಡುವ ಆಸೆ, ಎಲ್ಲರ ಕೈಯಲ್ಲೂ ಎಣ್ಣೆ. ಹಿಂದಿನ ದಿನವೇ ಗೌನನ್ನು ಮಲ್ಲು ಬಟ್ಟೆಯಲ್ಲಿ ಮುಚ್ಚಿ ತೂಗುಹಾಕಿ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಅಮ್ಮನಿಗೆ ಕೊಡಿ.